ಸದ್ದಿಲ್ಲದ ವಾಲ್ವು

ಹಳೆಯ ಅಂಬಾಸಿಡರ್ ಕಾರನ್ನು ಇಂದಿಗೂ ಮನೆಯ ಮುಂದೆ ನಿಲ್ಲಿಸಿಕೊಂಡಿರುವವರಲ್ಲಿ ಹಲವರು, ಬೆಳಗಿನ ಹೊತ್ತು ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ಬಾನೆಟ್ಟಿನ ಅಡಿಯಿಂದ ಒಂದೇ ಲಯದಲ್ಲಿ ಹೊರಡುವ ಟಿಕ್ ಟಿಕ್ ಶಬ್ದಕ್ಕೆ ಮುಖ ಸಿಂಡರಿಸಿಕೊಂಡು, ಗಾಡಿಗೆ ಏನೋ ರೋಗ ತಗುಲಿತೆಂದು ಭಾವಿಸಿ, ಪರಿಚಯದ ಮೇಸ್ತ್ರಿಯ ಬಳಿಗೆ ಒಯ್ದು, "ಈ ಟ್ಯಾಪೆಟ್ ಸದ್ದೊಂದನ್ನು ಅಡಗಿಸಿಕೊಡಪ್ಪ" ಎಂದು ಕೇಳಿಕೊಳ್ಳುವುದು ವಾಡಿಕೆ. ಮೇಸ್ತ್ರಿಯೂ ಗಿರಾಕಿಯ ಮನಸ್ಸನ್ನು ಬಲ್ಲವನಾದ್ದರಿಂದ, ಅಳತೆಯ ಗೊಡವೆಗೆ ಹೋಗದೆ, ಕಿವಿಯ ಅಂದಾಜಿನ ಮೇಲೆಯೇ ಒಂದೊಂದು ಸ್ಕ್ರೂವನ್ನೂ ಅಷ್ಟಷ್ಟು ಬಿಗಿದು, ಸದ್ದನ್ನು ನಿಲ್ಲಿಸಿ, ಕೂಲಿ ಪಡೆದು ಕಳುಹಿಸಿಕೊಡುತ್ತಾನೆ. ಮಾಲೀಕನಿಗೆ ಸಂತೋಷ, ಮೇಸ್ತ್ರಿಗೆ ಕೀರ್ತಿ. ಕೆಲವು ತಿಂಗಳು ಕಳೆದ ಮೇಲೆ ಗಾಡಿಯು ಏರಿನಲ್ಲಿ ಏದುಸಿರು ಬಿಡತೊಡಗಿ, ನಿಂತಲ್ಲಿ ನಡುಗತೊಡಗಿ, ಕಡೆಗೆ ಎಂಜಿನ್ನಿನ ತಲೆಯನ್ನು ಬಿಚ್ಚಿಸಿ ನೋಡಿದಾಗ ಎಕ್ಸಾಸ್ಟು ವಾಲ್ವೊಂದರ ಅಂಚು ಸುಟ್ಟು ಹರಿದಿರುವುದು ಕಂಡುಬಂದರೆ, ಆ ಹಾನಿಗೂ ಅಂದಿನ ಆ ಮೌನಕ್ಕೂ ಸಂಬಂಧವುಂಟೆಂದು ಊಹಿಸುವವರು ವಿರಳ.

ಸದ್ದು ಕೇಡಿನ ಲಕ್ಷಣ, ಮೌನವು ಕ್ಷೇಮದ ಲಕ್ಷಣ ಎಂಬ ರೂಢಿಯ ತಿಳಿವಳಿಕೆಯು ಯಂತ್ರಗಳ ವಿಷಯದಲ್ಲಿ ಬಹುಮಟ್ಟಿಗೆ ನಿಜವೇ. ಬೇರಿಂಗು ಸವೆದರೆ ಕೂಗುತ್ತದೆ, ಸೈಲೆನ್ಸರು ತೂತಾದರೆ ಗುಡುಗುತ್ತದೆ. ವಾಲ್ವಿನ ಸಂದಿನ ವಿಷಯದಲ್ಲಿ ಮಾತ್ರ ಈ ನಿಯಮ ತಲೆಕೆಳಗು. ಸಂದು ಹೆಚ್ಚಾದ ವಾಲ್ವು ಟಿಕ್ ಟಿಕ್ ಎಂದು ತನ್ನ ದೂರನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತದೆ. ಸಂದು ಕಡಿಮೆಯಾದದ್ದು ಬಾಯಿ ಬಿಡದೆ ಬೇಯುತ್ತದೆ. ಆದ್ದರಿಂದ ಈ ಕೆಲಸವನ್ನು ಕಿವಿಗೆ ಒಪ್ಪಿಸದೆ ಅಳತೆಗೆ ಒಪ್ಪಿಸಬೇಕು. ಆ ಅಳತೆಯಾದರೋ ಮನೆಯ ಅಂಗಳದಲ್ಲಿ, ಒಂದು ಬೆಳಗಿನಲ್ಲಿ, ಕೆಲವೇ ಹತ್ಯಾರಗಳಿಂದ ಯಾವ ಗೃಹಸ್ಥನಾದರೂ ಮಾಡಿಕೊಳ್ಳಬಹುದಾದಷ್ಟು ಸರಳವಾದದ್ದು.

ಅಂಬಾಸಿಡರನ್ನೇ ಉದಾಹರಣೆಯಾಗಿ ಹಿಡಿಯುವುದಕ್ಕೆ ಕಾರಣವುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾಡಾದಲ್ಲಿ ಐವತ್ತರ ದಶಕದ ಕೊನೆಯಲ್ಲಿ ತಯಾರಿಸಲಾರಂಭಿಸಿ, 2014ರವರೆಗೂ ಹೊರತಂದ ಈ ಕಾರಿಗೆ ಮೊದಲು ಪಕ್ಕದಲ್ಲಿ ವಾಲ್ವುಗಳುಳ್ಳ ಎಂಜಿನ್ನಿದ್ದು, 1959ರ ಸುಮಾರಿಗೆ ತಲೆಯ ಮೇಲೆ ವಾಲ್ವುಗಳುಳ್ಳ 1489 ಸಿ.ಸಿ. ಎಂಜಿನ್ನು ಬಂದಿತು. ಮುಚ್ಚಳವೊಂದನ್ನು ತೆಗೆದರೆ ಎಂಟು ವಾಲ್ವುಗಳೂ ಕಣ್ಣೆದುರು ಸಾಲಾಗಿ ನಿಲ್ಲುವ ಈ ಪೆಟ್ರೋಲ್ ಎಂಜಿನ್ನಿನಷ್ಟು ಔದಾರ್ಯದಿಂದ ತನ್ನ ಒಳಗುಟ್ಟನ್ನು ತೋರಿಸುವ ಯಂತ್ರ ಇನ್ನೊಂದಿಲ್ಲ. ಡೀಸೆಲ್ ಗಾಡಿಯಾಗಲಿ, ತೊಂಬತ್ತರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಗಾಡಿಯಾಗಲಿ ಇರುವವರು ಅದರದರ ಕೈಪಿಡಿಯನ್ನೇ ನೋಡತಕ್ಕದ್ದು. ಮುಂದೆ ಹೇಳುವ ಲೆಕ್ಕ ಅವಕ್ಕೆ ಸಲ್ಲದು.

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸುತ್ತು ತಿರುಗುವ ಕ್ಯಾಮ್ ದಂಡವಿದೆ. ಅದರ ಮೈಮೇಲೆ ಎಂಟು ಉಬ್ಬುಗಳಿವೆ. ಉಬ್ಬು ಬಂದು ತಗುಲಿದಾಗ ಅದರ ಮೇಲೆ ಕುಳಿತ ಟ್ಯಾಪೆಟ್ಟು ಮೇಲೇಳುತ್ತದೆ. ಟ್ಯಾಪೆಟ್ಟಿನ ಮೇಲೆ ನಿಂತ ಉದ್ದನೆಯ ಪುಶ್‌ರಾಡು ತಲೆಯವರೆಗೆ ಏರಿ ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ರಾಕರು ಬಾವಿಯ ಏತದಂತೆ ನಡುವಿನ ದಂಡದ ಮೇಲೆ ತೂಗಿ, ತನ್ನ ಇನ್ನೊಂದು ತುದಿಯಿಂದ ವಾಲ್ವಿನ ಕಡ್ಡಿಯನ್ನು ಕೆಳಕ್ಕೆ ಅದುಮುತ್ತದೆ. ಆಗ ವಾಲ್ವು ತೆರೆದು, ಇನ್‌ಲೆಟ್ಟಾದರೆ ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೂ, ಎಕ್ಸಾಸ್ಟಾದರೆ ಉರಿದ ಹೊಗೆಯನ್ನು ಹೊರಕ್ಕೂ ಬಿಡುತ್ತದೆ. ಉಬ್ಬು ಸರಿದೊಡನೆ ಸ್ಪ್ರಿಂಗು ವಾಲ್ವನ್ನು ಮೇಲಕ್ಕೆಳೆದು ಪೀಠಕ್ಕೆ ಕೂರಿಸುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತಿನ ವೇಗದಲ್ಲಿ ಎಂಜಿನ್ನು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ ಇಪ್ಪತ್ತೈದು ಸಲ ಹೀಗೆ ಎದ್ದು ಕೂರುತ್ತದೆ.

ಲೋಹವು ಬಿಸಿಯಾದರೆ ಹಿಗ್ಗುತ್ತದೆಯೆಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. ನೂರು ಮಿಲಿಮೀಟರ್ ಉದ್ದದ ಸಾಮಾನ್ಯ ಉಕ್ಕಿನ ಕಡ್ಡಿಯೊಂದು ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.12 ಮಿಲಿಮೀಟರ್ ಬೆಳೆಯುತ್ತದೆ. ವಾಲ್ವಿನ ಉಕ್ಕಾದರೆ ಇನ್ನೂ ಸ್ವಲ್ಪ ಹೆಚ್ಚು. ಎಕ್ಸಾಸ್ಟು ವಾಲ್ವಿನ ತಲೆಯು ಕೆಲಸದ ಭರದಲ್ಲಿ ಏಳುನೂರು ಡಿಗ್ರಿಯ ಹತ್ತಿರಕ್ಕೆ ಹೋಗತಕ್ಕದ್ದು. ಅದರ ಸುತ್ತಲಿನ ಎರಕದ ಕಬ್ಬಿಣವೂ ಹಿಗ್ಗುತ್ತದೆ ನಿಜ. ಆದರೆ ಅದನ್ನು ನೀರು ತಣಿಸುತ್ತಿರುವುದರಿಂದ ಅಷ್ಟಾಗಿ ಹಿಗ್ಗದು. ಈ ಎರಡು ಹಿಗ್ಗುವಿಕೆಗಳ ವ್ಯತ್ಯಾಸಕ್ಕೆ ಎಡೆ ಬೇಕು. ಪೀಠವು ಕಾಲಕ್ರಮದಲ್ಲಿ ಸವೆಯುವುದಕ್ಕೂ ಒಂದಿಷ್ಟು ಎಡೆ ಬೇಕು. ಹೀಗೆ ವಾಲ್ವು ಮುಚ್ಚಿರುವಾಗ ರಾಕರಿನ ಮೂತಿಗೂ ಕಡ್ಡಿಯ ತುದಿಗೂ ನಡುವೆ ಉಳಿಸತಕ್ಕ ಜಾಗವೇ ನಾವು ಮಾತಾಡುತ್ತಿರುವ ಸಂದು. ಈ ಎಂಜಿನ್ನಿನಲ್ಲಿ ಇನ್‌ಲೆಟ್ಟಿಗೂ ಎಕ್ಸಾಸ್ಟಿಗೂ ಅದು 0.015 ಇಂಚು, ಮೇಸ್ತ್ರಿಗಳ ಬಾಯಲ್ಲಿ ಹದಿನೈದು ಥೌ, ಮಿಲಿಮೀಟರಿನಲ್ಲಿ 0.38.

ಈ ಸಂದು ಹೆಚ್ಚಾಗಿ ಇಪ್ಪತ್ತು ಥೌ ಆಯಿತೆನ್ನೋಣ. ರಾಕರು ಬಂದು ವಾಲ್ವಿಗೆ ತಾಗುವ ಮೊದಲು ಅಷ್ಟು ದೂರ ಬರಿಗೈಯಲ್ಲಿ ಚಲಿಸಿ, ಆಮೇಲೆ ಬಡಿಯುತ್ತದೆ. ಆ ಬಡಿತವೇ ಸದ್ದು. ವಾಲ್ವು ತುಸು ತಡವಾಗಿ ತೆರೆದು ತುಸು ಬೇಗನೆ ಮುಚ್ಚುತ್ತದೆ; ಶಕ್ತಿ ಎಲ್ಲೋ ಸ್ವಲ್ಪ ಕುಂದುತ್ತದೆ; ಬಡಿತದಿಂದ ಲೋಹ ಸವೆಯುತ್ತದೆ. ಇವೆಲ್ಲ ನಷ್ಟಗಳೇ, ಆದರೆ ನಿಧಾನದ ನಷ್ಟಗಳು.

ಸಂದು ಮಾಯವಾದಾಗಿನ ಕಥೆ ಬೇರೆ. ಎಂಜಿನ್ನು ಕಾದು ವಾಲ್ವು ಉದ್ದವಾದಾಗ ಅದಕ್ಕೆ ಪೂರ್ತಿಯಾಗಿ ಕೂರಲು ಆಸ್ಪದವಿಲ್ಲ. ರಾಕರು ಅದನ್ನು ಕೂದಲೆಳೆಯಷ್ಟು ತೆರೆದೇ ಹಿಡಿದಿರುತ್ತದೆ. ಎಕ್ಸಾಸ್ಟು ವಾಲ್ವು ತನ್ನ ತಾಪದ ಬಹುಭಾಗವನ್ನು ಕಳೆದುಕೊಳ್ಳುವುದು ಪೀಠದ ಮೇಲೆ ಕುಳಿತ ಆ ಕ್ಷಣಗಳಲ್ಲಿ, ಅಂಚಿನಿಂದ ಅಂಚಿಗೆ. ಅಲ್ಲಿಂದ ತಲೆಯ ಕಬ್ಬಿಣಕ್ಕೆ, ಕಬ್ಬಿಣದಿಂದ ನೀರಿಗೆ. ಕೂರಲಾಗದ ವಾಲ್ವಿಗೆ ಈ ದಾರಿ ಮುಚ್ಚಿಹೋಯಿತು. ಅಷ್ಟೇ ಅಲ್ಲದೆ, ಸಿಲಿಂಡರಿನೊಳಗೆ ಬೆಂಕಿ ಹತ್ತಿದಾಗ ಜ್ವಾಲೆಯು ಆ ಕಿರಿದಾದ ಬಿರುಕಿನ ಮೂಲಕ ಅತಿವೇಗದಿಂದ ನುಗ್ಗಿ ಅಂಚನ್ನು ಕೊರೆಯುತ್ತದೆ. ಒಮ್ಮೆ ಕೊರೆದ ಜಾಗ ಮತ್ತೆ ಕೂಡುವುದಿಲ್ಲ. ಇಷ್ಟೆಲ್ಲ ನಡೆಯುತ್ತಿರುವಾಗ ಬಡಿಯಲು ಸಂದೇ ಇಲ್ಲವಾದ್ದರಿಂದ, ಮಾಲೀಕನು ಎಂಜಿನ್ನು ಎಷ್ಟು ನಯವಾಗಿ ಓಡುತ್ತಿದೆಯೆಂದು ಹೆಮ್ಮೆಪಡುತ್ತಿರುತ್ತಾನೆ.

ಈ ಮೌನದ ಅಪಾಯವನ್ನು ನಮ್ಮ ಕಾಲದ ಇನ್ನೊಂದು ಬದಲಾವಣೆಯು ಹೆಚ್ಚಿಸಿದೆ. ಅಂಬಾಸಿಡರಿನ ಎಂಜಿನ್ನು ರೂಪುಗೊಂಡ ದಿನಗಳಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿಯಿತ್ತು. ಉರಿದ ಸೀಸವು ಎಕ್ಸಾಸ್ಟು ಪೀಠದ ಮೇಲೆ ತೆಳುವಾದ ಲೇಪವಾಗಿ ನಿಂತು, ಕೆಂಪಗೆ ಕಾದ ವಾಲ್ವು ಪೀಠದ ಕಬ್ಬಿಣಕ್ಕೆ ಕಚ್ಚಿಕೊಳ್ಳದಂತೆ ಕಾಯುತ್ತಿತ್ತು. ಸೀಸವು ಮನುಷ್ಯರಿಗೆ, ಅದರಲ್ಲೂ ಮಕ್ಕಳ ಮೆದುಳಿಗೆ, ವಿಷವೆಂಬುದು ಸ್ಥಿರಪಟ್ಟ ಮೇಲೆ ಅದನ್ನು ಕೈಬಿಟ್ಟದ್ದು ಸರ್ವಥಾ ಯುಕ್ತವೇ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲೇ ದೊರೆಯುತ್ತಿದೆ. ಆದರೆ ಎರಕದ ಕಬ್ಬಿಣದ ತಲೆಯಲ್ಲಿಯೇ ಪೀಠವನ್ನು ಕೊರೆದು ಮಾಡಿದ ಹಳೆಯ ಎಂಜಿನ್ನಿನಲ್ಲಿ, ದೀರ್ಘಕಾಲ ವೇಗವಾಗಿ ಓಡಿಸಿದಾಗ, ವಾಲ್ವು ಪೀಠದಿಂದ ಕಣಕಣವಾಗಿ ಕಬ್ಬಿಣವನ್ನು ಕಿತ್ತು ತಾನು ಒಳಕ್ಕೆ ಇಳಿಯುತ್ತ ಹೋಗುತ್ತದೆ. ವಾಲ್ವು ತಲೆಯೊಳಕ್ಕೆ ಇಳಿದಷ್ಟೂ ಅದರ ಕಡ್ಡಿಯು ಮೇಲಕ್ಕೆ ಏರಿ ರಾಕರಿಗೆ ಹತ್ತಿರವಾಗುತ್ತದೆ. ಸಂದು ತಾನಾಗಿಯೇ ಕುಗ್ಗುತ್ತದೆ. ಊರೊಳಗೆ ದೇವಸ್ಥಾನಕ್ಕೂ ಸಂತೆಗೂ ಹೋಗಿಬರುವ ಗಾಡಿಗೆ ಇದರ ಬಾಧೆ ಕಡಿಮೆ; ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಗಾಡಿಗೆ ಹೆಚ್ಚು.

ಇನ್ನು ಕೆಲಸ. ಗಾಡಿಯನ್ನು ರಾತ್ರಿಯೇ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ನು ಪೂರಾ ತಣ್ಣಗಿರುವಾಗ ತೊಡಗುವುದು ಮೇಲು. ನಿಮ್ಮ ಕೈಪಿಡಿಯು ಬಿಸಿ ಎಂಜಿನ್ನಿನ ಅಳತೆಯನ್ನು ಕೊಟ್ಟಿದ್ದರೆ ಅದರಂತೆ ನಡೆಯಿರಿ. ಎರಡಕ್ಕೂ ನಡುವಿನ ಅಂತರ ಒಂದೆರಡು ಥೌ ಮಾತ್ರ. ಅರೆ ಬಿಸಿಯಲ್ಲಿ ಮಾತ್ರ ಕೈ ಹಾಕಬಾರದು, ಏಕೆಂದರೆ ಮೊದಲ ವಾಲ್ವಿನಿಂದ ಎಂಟನೆಯದಕ್ಕೆ ಬರುವಷ್ಟರಲ್ಲಿ ಎಂಜಿನ್ನು ಆರುತ್ತ ಬಂದು ಅಳತೆ ಒಂದೇ ಆಗಿ ಉಳಿಯದು. ಬೇಕಾದ ಸಾಮಾನು: ಒಂದು ಫೀಲರ್ ಗೇಜು, ಲಾಕ್‌ನಟ್ಟಿಗೆ ಹೊಂದುವ ರಿಂಗ್ ಸ್ಪ್ಯಾನರು, ಅಗಲ ಮೂತಿಯ ಸ್ಕ್ರೂಡ್ರೈವರು, ಪ್ಲಗ್ ಸ್ಪ್ಯಾನರು, ಹಳೆಯ ಪಂಚೆಯ ತುಂಡು. ಗೇಜನ್ನು ಹೊಸದಾಗಿಯೇ ಕೊಳ್ಳಿ. ಅಂಚು ಮಡಿಸಿದ, ತುಕ್ಕು ಹಿಡಿದ ಅಲಗಿನಿಂದ ಥೌ ಲೆಕ್ಕ ನೋಡುವುದು ವ್ಯರ್ಥ.

ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕು ಹಾಕಿ, ಬ್ಯಾಟರಿಯ ಒಂದು ತಂತಿಯನ್ನು ಕಳಚಿಡಿ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿದರೆ ಎಂಜಿನ್ನು ಕೈಯಿಂದ ಸಲೀಸಾಗಿ ತಿರುಗುತ್ತದೆ. ಹಳೆಯ ಗಾಡಿಯ ಹ್ಯಾಂಡಲು ಇನ್ನೂ ಡಿಕ್ಕಿಯಲ್ಲಿ ಉಳಿದಿದ್ದರೆ ಅದಕ್ಕಿಂತ ಉತ್ತಮ ಸಾಧನ ಬೇರಿಲ್ಲ; ಇಲ್ಲವಾದರೆ ಟಾಪ್ ಗೇರಿಗೆ ಹಾಕಿ, ಬ್ರೇಕು ಬಿಟ್ಟು, ಮನೆಯವರೊಬ್ಬರಿಂದ ಗಾಡಿಯನ್ನು ಗೇಣು ಗೇಣಾಗಿ ತಳ್ಳಿಸಿಕೊಳ್ಳಬಹುದು. ರಾಕರ್ ಕವರನ್ನು ಹಿಡಿದಿರುವುದು ಮೇಲಿನ ಎರಡು ನಟ್ಟುಗಳು ಮಾತ್ರ. ಉಸಿರು ಕೊಳವೆಯನ್ನು ಎಳೆದು, ಆ ಎರಡನ್ನು ಬಿಚ್ಚಿ, ಕವರನ್ನು ಮೆಲ್ಲನೆ ಎತ್ತಿದರೆ ಎಂಟು ರಾಕರುಗಳೂ ಎಣ್ಣೆಯಲ್ಲಿ ಮಿಂದು ಸಾಲಾಗಿ ಕಾಣುತ್ತವೆ. ರಾಕರು ದಂಡವನ್ನು ಹೊತ್ತ ಕಂಬಗಳ ನಟ್ಟುಗಳಿಗೆ ಮಾತ್ರ ಸ್ಪ್ಯಾನರು ಹಾಕಬೇಡಿ: ಅವುಗಳಲ್ಲಿ ನಾಲ್ಕು, ಎಂಜಿನ್ನಿನ ತಲೆಯನ್ನೇ ಬಿಗಿದಿರುವ ನಟ್ಟುಗಳು.

ರೇಡಿಯೇಟರಿನ ಕಡೆಯಿಂದ ವಾಲ್ವುಗಳನ್ನು ಒಂದರಿಂದ ಎಂಟರವರೆಗೆ ಎಣಿಸಬೇಕು. ಒಂದು, ನಾಲ್ಕು, ಐದು, ಎಂಟು ಎಕ್ಸಾಸ್ಟು. ಎರಡು, ಮೂರು, ಆರು, ಏಳು ಇನ್‌ಲೆಟ್ಟು. ಒಂದು ವಾಲ್ವನ್ನು ಅಳೆಯಬೇಕಾದರೆ ಅದರ ಟ್ಯಾಪೆಟ್ಟು ಕ್ಯಾಮಿನ ಉಬ್ಬಿಗೆ ನೇರ ಎದುರಾದ ಬೆನ್ನಿನ ಮೇಲೆ ಕುಳಿತಿರಬೇಕು. ಆದರೆ ಕ್ಯಾಮು ಹೊಟ್ಟೆಯೊಳಗಿದ್ದು ಕಣ್ಣಿಗೆ ಬೀಳದು. ಈ ತೊಡಕನ್ನು ಬಿಡಿಸುವ ಲೆಕ್ಕವೊಂದು ಈ ಎಂಜಿನ್ನಿನಲ್ಲಿಯೇ ಅಡಗಿದೆ, ಮತ್ತು ಅದರ ಸೊಗಸನ್ನು ನೋಡಿದಾಗಲೆಲ್ಲ ನನಗೆ ಅದನ್ನು ಕಟ್ಟಿದವರ ಮೇಲೆ ಗೌರವ ಹೆಚ್ಚುತ್ತದೆ. ಒಂದನೆಯ ಸಿಲಿಂಡರಿನ ಪಿಸ್ಟನ್ನೂ ನಾಲ್ಕನೆಯದೂ ಕೂಡಿಯೇ ಏರಿ ಕೂಡಿಯೇ ಇಳಿಯುತ್ತವೆ, ಆದರೆ ಒಂದು ಉರಿಯುವಾಗ ಇನ್ನೊಂದು ಉಸಿರೆಳೆಯುತ್ತಿರುತ್ತದೆ. ಎರಡನೆಯದೂ ಮೂರನೆಯದೂ ಹಾಗೆಯೇ. ಜೊತೆಗೆ ವಾಲ್ವುಗಳ ಸಾಲು ನಡುವಿನಿಂದ ಎರಡು ಕಡೆಗೂ ಪ್ರತಿಬಿಂಬದಂತಿದೆ. ಆದಕಾರಣ ಒಂದು ಕೊನೆಯಿಂದ ಎಣಿಸಿದ ವಾಲ್ವು ಪೂರ್ತಿ ತೆರೆದಿದ್ದರೆ, ಇನ್ನೊಂದು ಕೊನೆಯಿಂದ ಅಷ್ಟನೆಯದು ಪೂರ್ತಿ ವಿಶ್ರಾಂತಿಯಲ್ಲಿರುತ್ತದೆ. ಎರಡರ ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ ಒಂಬತ್ತು.

ಎಂಟನೆಯ ವಾಲ್ವು ಪೂರ್ತಿ ಇಳಿದು ನಿಂತಾಗ ಒಂದನೆಯದನ್ನು ಅಳೆಯಿರಿ. ಹ್ಯಾಂಡಲನ್ನು ತುಸು ತಿರುಗಿಸಿದರೆ ಆರನೆಯದು ಇಳಿಯುತ್ತದೆ, ಆಗ ಮೂರನೆಯದು. ನಾಲ್ಕು ಇಳಿದಾಗ ಐದು. ಏಳು ಇಳಿದಾಗ ಎರಡು. ಒಂದು ಇಳಿದಾಗ ಎಂಟು. ಮೂರು ಇಳಿದಾಗ ಆರು. ಐದು ಇಳಿದಾಗ ನಾಲ್ಕು. ಎರಡು ಇಳಿದಾಗ ಏಳು. ಈ ಕ್ರಮದಲ್ಲಿ ಹೋದರೆ ಕ್ರ್ಯಾಂಕು ಎರಡು ಸುತ್ತು ಮುಗಿಸುವಷ್ಟರಲ್ಲಿ ಎಂಟೂ ಆಗುತ್ತವೆ. ಕ್ರಮ ಮರೆತರೂ ಚಿಂತೆಯಿಲ್ಲ. ಯಾವುದು ಇಳಿದಿದೆಯೋ ಅದನ್ನು ಒಂಬತ್ತರಲ್ಲಿ ಕಳೆದರೆ ಸಾಕು.

ಹದಿನೈದು ಥೌ ಅಲಗನ್ನು ಎಣ್ಣೆಯ ಒದ್ದೆ ಬಟ್ಟೆಯಲ್ಲಿ ಒರೆಸಿ, ರಾಕರಿನ ಮೂತಿಗೂ ಕಡ್ಡಿಯ ತುದಿಗೂ ನಡುವೆ ನೇರವಾಗಿ ಸರಿಸಿ. ಅದು ಸಡಿಲವಾಗಿ ಜಾರಿದರೆ ಸಂದು ಹೆಚ್ಚು, ತೂರಲೊಲ್ಲದಿದ್ದರೆ ಕಡಿಮೆ, ಬೆರಳಿಗೆ ಸಣ್ಣ ಬಿಗಿತವೊಂದು ತಾಗುತ್ತ, ಆದರೆ ಅಲಗು ಬಾಗದೆ ಹಿಂದೆ ಮುಂದೆ ಆಡಿದರೆ ಅದೇ ಹದ. ಬೆರಳು ಪಳಗುವ ತನಕ ಒಂದು ಉಪಾಯವುಂಟು: ಹದಿನಾಲ್ಕರ ಅಲಗು ಸಲೀಸಾಗಿ ಹೋಗಬೇಕು, ಹದಿನಾರರದು ಹೋಗಬಾರದು. ತಿದ್ದಬೇಕಾದಲ್ಲಿ, ಪುಶ್‌ರಾಡಿನ ಕಡೆಯ ಲಾಕ್‌ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಅದರ ನಡುವಿನ ಸ್ಕ್ರೂವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಬಲಕ್ಕೆ ತಿರುಗಿಸಿದರೆ ಸಂದು ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ತೀರ ಬಿಚ್ಚಿಬಿಟ್ಟರೆ ಪುಶ್‌ರಾಡು ತನ್ನ ಗುಳಿಯಿಂದ ಜಾರೀತು. ಹದ ಸಿಕ್ಕಾಗ ಸ್ಕ್ರೂವನ್ನು ಅಲುಗದಂತೆ ಹಿಡಿದು ನಟ್ಟನ್ನು ಬಿಗಿಯಿರಿ. ಹೊಸಬರು ಎಡವುವುದು ಇಲ್ಲಿಯೇ: ನಟ್ಟು ಬಿಗಿಯುವಾಗ ಸ್ಕ್ರೂವನ್ನು ತನ್ನೊಡನೆ ಒಂದಿಷ್ಟು ಎಳೆದುಕೊಂಡು ಹೋಗುವುದರಿಂದ, ಬಿಗಿದ ಮೇಲೆ ಇನ್ನೊಮ್ಮೆ ಅಲಗು ಹಾಕಿ ನೋಡದ ಅಳತೆಯನ್ನು ನಂಬುವಂತಿಲ್ಲ.

ಹಳೆಯ ರಾಕರಿನ ಮೂತಿಯನ್ನು ಹತ್ತಿರದಿಂದ, ಬೆಳಕು ಹಿಡಿದು ನೋಡಿದರೆ, ಕಡ್ಡಿಯ ತುದಿ ಲಕ್ಷಾಂತರ ಸಲ ತಾಗಿ ತಾಗಿ ಅಲ್ಲೊಂದು ಸಣ್ಣ ಗುಳಿಯನ್ನು ಮಾಡಿರುವುದು ಕಾಣುತ್ತದೆ. ಕಡ್ಡಿಯು ಈ ಗುಳಿಯೊಳಗೆ ಹೋಗಿ ಕೂರುತ್ತದೆ. ಫೀಲರಿನ ಅಲಗಾದರೋ ಕಡ್ಡಿಗಿಂತ ಅಗಲವಾದ್ದರಿಂದ ಗುಳಿಯ ಎರಡು ದಂಡೆಗಳ ಮೇಲೆ ಸೇತುವೆಯಾಗಿ ನಿಲ್ಲುತ್ತದೆ. ನೀವು ಹದಿನೈದೆಂದು ಓದಿದ್ದು ನಿಜವಾಗಿ ಹದಿನೆಂಟೋ ಇಪ್ಪತ್ತೋ ಆಗಿರುತ್ತದೆ, ಮತ್ತು ಎಷ್ಟು ಸಲ ಅಳತೆಗೆ ತಂದರೂ ಆ ವಾಲ್ವಿನ ಸದ್ದು ಹೋಗುವುದಿಲ್ಲ. ಆಗ ಅಳತೆಯನ್ನು ಬಿಟ್ಟು ಸ್ಕ್ರೂ ಬಿಗಿಯುವ ಮನಸ್ಸಾಗುವುದು ಸಹಜ. ಆ ಆಸೆಗೆ ಒಳಗಾಗಬೇಡಿ. ಗುಳಿಬಿದ್ದ ರಾಕರನ್ನು ಬದಲಿಸುವುದೇ ಅದಕ್ಕೆ ನಿಜವಾದ ಮದ್ದು; ಬೆಂಗಳೂರಿನ ಜೆ.ಸಿ. ರಸ್ತೆಯಂಥ ಹಳೆಯ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿ ನೋಡಿ. ಕಂಬಗಳನ್ನು ಬಿಚ್ಚದೆ ರಾಕರು ಹೊರಬಾರದಾದ್ದರಿಂದ ಆ ಕೆಲಸವನ್ನು ಮಾತ್ರ ಬಲ್ಲವರಿಗೆ ವಹಿಸಿ. ಅಲ್ಲಿಯವರೆಗೆ ಆ ಟಿಕ್ ಟಿಕ್ ಶಬ್ದವನ್ನು ಸಹಿಸಿಕೊಂಡರೆ ಏನೂ ಕೆಡದು.

ಮುಗಿದ ಮೇಲೆ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಎಲ್ಲವನ್ನೂ ಮತ್ತೊಮ್ಮೆ ನೋಡಿ. ಕವರಿನ ಕಾರ್ಕ್ ಪ್ಯಾಕಿಂಗು ಒಣಗಿ ಬಿರಿದಿದ್ದರೆ ಹೊಸದು ಹಾಕಿ. ಅದರ ಬೆಲೆ ಅತ್ಯಲ್ಪ. ಮೇಲಿನ ಎರಡು ನಟ್ಟುಗಳನ್ನು ಎಣ್ಣೆ ಸೋರದಷ್ಟು ಮಾತ್ರ ಬಿಗಿಯಬೇಕು. ಬಲ ಪ್ರಯೋಗಿಸಿದರೆ ಕವರು ಸೊಟ್ಟಗಾಗಿ ಮತ್ತಷ್ಟು ಸೋರುತ್ತದೆ.

ಅಳತೆಯೆಲ್ಲ ಸರಿಯಿದ್ದೂ ಎಂಜಿನ್ನು ನಡುಗುತ್ತಿದ್ದರೆ ವಾಲ್ವು ಈಗಾಗಲೇ ಸುಟ್ಟಿರಬಹುದು. ಪ್ಲಗ್ಗುಗಳನ್ನು ಹಾಕಿ ಹ್ಯಾಂಡಲು ತಿರುಗಿಸುವಾಗ ನಾಲ್ಕು ಸಿಲಿಂಡರುಗಳಲ್ಲಿ ಒಂದರ ಸರದಿಯಲ್ಲಿ ಕೈಗೆ ತಡೆಯೇ ತಿಳಿಯದಿದ್ದರೆ, ಅಥವಾ ಓಡುತ್ತಿರುವ ಎಂಜಿನ್ನಿನ ಹೊಗೆಕೊಳವೆಯ ಬಾಯಿಗೆ ಹಿಡಿದ ಕಾಗದದ ಚೂರು ಹೊರಕ್ಕೆ ಹಾರುತ್ತಿದ್ದುದು ಮಧ್ಯೆ ಮಧ್ಯೆ ಒಳಕ್ಕೆ ಸೆಳೆದುಕೊಂಡರೆ, ಆ ಸಂಶಯ ಬಲವಾಗುತ್ತದೆ. ಅದು ಅಂಗಳದಲ್ಲಿ ಸರಿಯಾಗುವ ಕೆಲಸವಲ್ಲ. ತಲೆಯನ್ನು ಲೇತ್ ವರ್ಕ್‌ಶಾಪಿಗೆ ಕಳುಹಿಸುವುದೇ ಆದರೆ, ಎಕ್ಸಾಸ್ಟು ವಾಲ್ವುಗಳಿಗೆ ಗಟ್ಟಿ ಲೋಹದ ಪೀಠದ ಉಂಗುರಗಳನ್ನು ಕೂರಿಸುವಂತೆ ಕೇಳಿ. ಸೀಸವಿಲ್ಲದ ಪೆಟ್ರೋಲಿನ ತೊಂದರೆ ಅಲ್ಲಿಗೆ ತೀರುತ್ತದೆ.

ಕೊನೆಯದಾಗಿ ಒಂದು ಕೇಳಿಕೆ. ಸ್ಕ್ರೂಗಳನ್ನು ಮುಟ್ಟುವ ಮುನ್ನ ಎಂಟು ವಾಲ್ವುಗಳ ಸಂದು ಎಷ್ಟೆಷ್ಟಿತ್ತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ತಾರೀಖನ್ನೂ ಮೀಟರಿನ ಕಿಲೋಮೀಟರನ್ನೂ ಗುರುತುಹಾಕಿ. ಐದಾರು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಬರೆಯುತ್ತ ಬಂದರೆ, ಯಾವ ವಾಲ್ವು ಪ್ರತಿ ಸಲವೂ ಹದಿನೈದರಿಂದ ಹದಿಮೂರಕ್ಕೋ ಹತ್ತಕ್ಕೋ ಇಳಿಯುತ್ತಿದೆಯೆಂಬುದು ತಾನಾಗಿ ಗೊತ್ತಾಗುತ್ತದೆ. ನಡುವಿನ ಎರಡು ಎಕ್ಸಾಸ್ಟುಗಳು, ಅಂದರೆ ನಾಲ್ಕೂ ಐದೂ, ಅಕ್ಕಪಕ್ಕದಲ್ಲಿದ್ದು ಒಂದೇ ದಾರಿಯಿಂದ ಹೊಗೆ ಬಿಡುವುದರಿಂದ ಅಲ್ಲಿ ಕಾವು ಹೆಚ್ಚು. ಅವುಗಳ ಅಂಕೆಗಳ ಮೇಲೆ ವಿಶೇಷವಾಗಿ ಕಣ್ಣಿಡಿ. ಅನುಮಾನ ಬಂದ ಕಡೆಯಲ್ಲಿ ಸಂದನ್ನು ಒಂದು ಥೌ ಹೆಚ್ಚಾಗಿಯೇ ಬಿಡಿ, ಕಡಿಮೆ ಮಾತ್ರ ಮಾಡಬೇಡಿ. ಮುಂದಿನ ಸಲ ಗಾಡಿಯನ್ನು ಮೇಸ್ತ್ರಿಯ ಬಳಿಗೆ ಒಯ್ಯುವಾಗ ಆ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.